ತನ್ನ ಕಾಲ ಮೇಲೆ ತಾನು ನಿಂತವಳ ಗಂಡ

ನಮ್ಮ ಮನೆಯಲ್ಲಿ ದುಡ್ಡು ತರುವವರು ಇಬ್ಬರು, ಅದನ್ನು ಆಳುವವಳು ಒಬ್ಬಳು, ಬೈಸಿಕೊಳ್ಳುವವನು ಒಬ್ಬ. ಲೆಕ್ಕ ತಪ್ಪಿಲ್ಲ. ಮನೆಯಲ್ಲಿರುವವರು ಒಟ್ಟು ಇಬ್ಬರೇ.

ನಾನು ಹಾಸಿಗೆ ಹೊಲಿಯುವವನು. ಬೀದಿಯ ತುದಿಯಲ್ಲಿ ನನ್ನದೊಂದು ಅಂಗಡಿ ಇದೆ. ಹಳೆ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಹೊಸ ಬಟ್ಟೆಗೆ ತುಂಬಿ ಹೊಲಿದು ಕೊಡುತ್ತೇನೆ. ಸಂಜೆ ಮನೆಗೆ ಬರುವಾಗ ನನ್ನ ಮೀಸೆ, ಹುಬ್ಬು, ಕಿವಿಯೊಳಗೆಲ್ಲ ಹತ್ತಿ ಇರುತ್ತದೆ. ಒಂದೊಂದು ದಿನ ಜೇಬಿನಲ್ಲಿ ಹಣವೂ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಲೋಕಕ್ಕೆಲ್ಲ ಗೊತ್ತು. ಹಾಸಿಗೆ ಹೊಲಿಯುವವನಿಗೆ ಮಾತ್ರ ಯಾಕೋ ಅದು ಗೊತ್ತಿರಲಿಲ್ಲ. ತಿಂಗಳ ಅರ್ಧಕ್ಕೇ ನನ್ನ ಸಂಪಾದನೆ ಮುಗಿದು, ಉಳಿದರ್ಧ ತಿಂಗಳು ಮನೆ ಓನರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ.

ನನ್ನ ಹೆಂಡತಿಗೆ ಬೆನ್ನಿಗೆ ಪೆಟ್ಟು ಬಿದ್ದು ಆರು ವರ್ಷವಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿಯಲ್ಲಿ ಮನೆಯೆಲ್ಲ ತಿರುಗುತ್ತಾಳೆ. ಸ್ವಾಧೀನ ತಪ್ಪಿದ್ದು ಎರಡು ಕಾಲು ಮಾತ್ರ. ಉಳಿದದ್ದೆಲ್ಲ, ನನ್ನನ್ನೂ ಸೇರಿಸಿ, ಅವಳ ಸ್ವಾಧೀನದಲ್ಲೇ ಇದೆ.

ಎರಡು ವರ್ಷದ ಹಿಂದೆ ಅವಳ ಹೆಸರಿಗೆ ಸರ್ಕಾರದ ಅಂಗವಿಕಲ ಮಾಸಾಶನ ಮಂಜೂರಾಯಿತು. ಮೊದಲ ತಿಂಗಳ ಹಣ ಕೈಗೆ ಬಂದ ದಿನವೇ ಅವಳು ಮನೆಯ ಖಜಾಂಚಿಯಾದಳು.

"ಇವತ್ತಿಂದ ಬಾಡಿಗೆ ನಂದು, ದಿನಸಿ ನಿಮ್ದು. ನಿಮ್ಮ ದುಡ್ಡನ್ನೂ ನನ್ನ ಕೈಗೇ ಕೊಟ್ಬಿಡಿ. ನಿಮ್ಮ ಜೇಬಿಗೆ ತೂತಿದೆ," ಎಂದಳು.

ನಾನು ಜೇಬು ಹೊರಗೆಳೆದು ತೋರಿಸಿದೆ. ತೂತಿರಲಿಲ್ಲ.

"ಕಾಣೋ ತೂತಾಗಿದ್ರೆ ಎಂದೋ ಹೊಲಿದು ಹಾಕ್ತಿದ್ದೆ ಕಣ್ರೀ," ಎಂದಳು.

ಅಂದಿನಿಂದ ಒಂದನೇ ತಾರೀಖು ಬೆಳಗ್ಗೆ ಓನರು ಹಲ್ಲುಜ್ಜುವ ಮುಂಚೆ ಬಾಡಿಗೆ ಅವರ ಕೈಸೇರುತ್ತದೆ. ಮಾಸಾಶನಕ್ಕೂ ಬಾಡಿಗೆಗೂ ಹೇಳಿ ಮಾಡಿಸಿದ ಜೋಡಿ. ಆ ಬೀದಿಯಲ್ಲಿ ಮೆಟ್ಟಿಲೂ ಇಲ್ಲದ, ಹೊಸ್ತಿಲೂ ಇಲ್ಲದ ಮನೆ ನಮ್ಮದೊಂದೇ. ಅವಳ ಕುರ್ಚಿ ಅಡಿಗೆಮನೆಯಿಂದ ಹೊರಟರೆ ಎಲ್ಲೂ ಕುಕ್ಕದೆ ನೇರ ಬೀದಿಗೆ ಹೋಗಿ, ತರಕಾರಿಯವನ ಜೊತೆ ಚೌಕಾಸಿ ಮಾಡಿ, ಗೆದ್ದು ವಾಪಸು ಬರುತ್ತದೆ. ಮಾಸಾಶನ ಹೋದರೆ ಮನೆ ಹೋಗುತ್ತದೆ, ಮನೆ ಹೋದರೆ ಅವಳ ಓಡಾಟ ಹೋಗುತ್ತದೆ. ಇಷ್ಟು ಗೊತ್ತಿದ್ದೂ ನಾನು ಬಾಯಿ ಬಿಟ್ಟೆ.

ಬಿಟ್ಟಿದ್ದು ಕ್ಷೌರದಂಗಡಿಯಲ್ಲಿ, ಭಾನುವಾರ. ನಮ್ಮ ಬೀದಿಯ ಟೈಲರು ಕೂದಲು ಕತ್ತರಿಸಿಕೊಂಡು ಎದ್ದವನು ತನ್ನ ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತೆಂದ. "ಅಂತೂ ಮಗಳು ತನ್ನ ಕಾಲ ಮೇಲೆ ತಾನು ನಿಂತ್ಲು ನೋಡಿ," ಎಂದು ಎದೆಯುಬ್ಬಿಸಿಕೊಂಡು ಹೋದ. ಕ್ಷೌರಿಕ ಅವನು ಹೋದ ಮೇಲೂ ಐದು ನಿಮಿಷ ಅವನನ್ನೇ ಹೊಗಳಿದ. ನನಗೆ ತಡೆಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಆಗತಾನೆ ಬಂದ ಯಾರೋ ಒಬ್ಬರು ಮುಖದ ತುಂಬ ನೊರೆ ಬಳಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅವರಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಅದರಲ್ಲೇನಿದೆ? ನಮ್ಮನೆಯವಳೂ ತನ್ನ ಕಾಲ ಮೇಲೆ ತಾನು ನಿಂತು ಎರಡು ವರ್ಷ ಆಯ್ತು."

ಕ್ಷೌರಿಕನ ಕತ್ತರಿ ನಿಂತಿತು. "ಹೌದಾ ಹಾಸಿಗೆಯೋರೇ! ಹೇಳಲೇ ಇಲ್ವಲ್ಲ!"

"ನಾವು ಡಂಗುರ ಹೊಡ್ಯೋ ಪೈಕಿ ಅಲ್ಲ," ಎಂದೆ ನಾನು, ಬಹಳ ವಿನಯದಿಂದ.

ನೊರೆಯೊಳಗಿನ ಮುಖ ಕಣ್ಣು ತೆರೆಯಿತು. ಆ ಕಣ್ಣು ಮಾಸಾಶನ ಕಚೇರಿಯ ಗುಮಾಸ್ತರದು ಎಂದು ನನಗೆ ಹೇಗೆ ತಿಳಿಯಬೇಕು? ನೊರೆ ಬಳಿದುಕೊಂಡರೆ ಗುಮಾಸ್ತರೂ ಮನುಷ್ಯರ ಹಾಗೇ ಕಾಣುತ್ತಾರೆ.

ಸೋಮವಾರ ಬೆಳಗ್ಗೆ ನನ್ನ ಹೆಂಡತಿಯ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದರು. ಅವರಿಗೆ ಸುದ್ದಿ ಕೊಟ್ಟದ್ದು ಕ್ಷೌರಿಕನ ಹೆಂಡತಿ. ಕೈಯಲ್ಲೊಂದು ಡಬ್ಬ, ಡಬ್ಬದಲ್ಲಿ ಹೊಸ ಚಪ್ಪಲಿ, ಕಣ್ಣಲ್ಲಿ ನೀರು.

"ಏಳೇ ನನ್ನ ಬಂಗಾರ! ನಾಲ್ಕು ಹೆಜ್ಜೆ ಹಾಕು, ಕಣ್ತುಂಬ ನೋಡ್ತೀನಿ. ಎರಡು ವರ್ಷದಿಂದ ನಿಂತಿದ್ದೀಯಂತೆ, ಒಂದು ಮಾತು ತಿಳಿಸಬಾರದಾ? ನಾನೇನು ಹೊರಗಿನವಳಾ?"

"ಯಾರು ಹೇಳಿದ್ರು ಚಿಕ್ಕಮ್ಮ?"

"ಬೀದಿಗೆ ಬೀದಿಯೇ ಹೇಳ್ತಿದೆ ಕಣೇ!"

ಖಜಾಂಚಿಯ ದೃಷ್ಟಿ ನನ್ನತ್ತ ತಿರುಗಿತು. ನಾನು ಮಂಚದ ಕೆಳಗೆ ಏನನ್ನೋ ಹುಡುಕತೊಡಗಿದೆ. "ಜನಕ್ಕೇನು, ಎಲುಬಿಲ್ಲದ ನಾಲಿಗೆ," ಎಂದು ಅಲ್ಲಿಂದಲೇ ಜನರನ್ನು ಬೈದೆ. ಚಿಕ್ಕಮ್ಮ ಪೆಚ್ಚಾಗಿ ಚಪ್ಪಲಿಯನ್ನು ಮತ್ತೆ ಡಬ್ಬಕ್ಕೆ ಹಾಕಲು ಹೋದರು.

"ಇರಲಿ ಬಿಡಿ ಚಿಕ್ಕಮ್ಮ," ಎಂದು ನನ್ನ ಹೆಂಡತಿ ಅದನ್ನು ಕಿತ್ತುಕೊಂಡಳು. "ನನ್ನ ಕಾಲಿಗೆ ಹಾಕಿದ ಚಪ್ಪಲಿ ಸವೆಯೋದೇ ಇಲ್ಲ. ಇದಕ್ಕಿಂತ ಉಳಿತಾಯ ಇನ್ನೇನು ಬೇಕು?"

ಮಂಗಳವಾರ ಓನರು ಮಹಡಿಯಿಂದ ಇಳಿದು ಬಂದರು. ಒಂದನೇ ತಾರೀಖಲ್ಲದ ದಿನ ಅವರು ಇಳಿಯುವವರಲ್ಲ.

"ತುಂಬಾ ಸಂತೋಷ ಕಣ್ರೀ. ನಿಮ್ಮಾಕೆಗೆ ಕಾಲು ಸರಿಹೋಯ್ತಂತೆ. ಈ ಕೆಳಗಿನ ಭಾಗಕ್ಕೆ ಔಷಧಿ ಅಂಗಡಿಯವರು ದುಪ್ಪಟ್ಟು ಬಾಡಿಗೆ ಕೊಡ್ತೀವಿ ಅಂತ ಪ್ರಾಣ ತಿಂತಿದಾರೆ. ನೀವು ಮೇಲಿನ ರೂಮಿಗೆ ಬಂದ್ಬಿಡಿ. ಗಾಳಿ ಚೆನ್ನಾಗಿದೆ. ಇಪ್ಪತ್ತೆರಡೇ ಮೆಟ್ಟಿಲು, ಹತ್ತಿ ಇಳಿದ್ರೆ ವ್ಯಾಯಾಮ."

"ಸರಿಹೋಗಿಲ್ಲ ಯಜಮಾನರೇ."

"ಹಾಗಾದ್ರೆ ನಿಂತಿಲ್ವಾ?"

"ನಿಂತಿದಾಳೆ, ಆದ್ರೆ..."

"ನಿಂತೋರಿಗೆ ಹತ್ತೋದೇನು ಮಹಾ?" ಎಂದು ಓನರು ಮೆಟ್ಟಿಲ ಸಂಖ್ಯೆ ಮತ್ತೊಮ್ಮೆ ಹೇಳಿ ಹೋದರು.

ಗುರುವಾರ ಅಂಚೆಯವನು ಅಂಗಡಿಗೆ ಬಂದು ಒಂದು ಕಂದು ಲಕೋಟೆ ಕೊಟ್ಟ. ಹೆಸರು ಖಜಾಂಚಿಯದು. ಹತ್ತಿಯ ರಾಶಿಯ ಮೇಲೆ ಕೂತು ಒಡೆದೆ. "ತಾವು ಕಳೆದ ಎರಡು ವರ್ಷಗಳಿಂದ ತಮ್ಮ ಕಾಲಿನ ಮೇಲೆ ತಾವೇ ನಿಂತಿರುವಿರೆಂದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಸದರಿ ಮಾಸಾಶನವನ್ನು ಏಕೆ ನಿಲ್ಲಿಸಬಾರದು ಹಾಗೂ ಈವರೆಗೆ ಪಡೆದ ಮೊತ್ತವನ್ನು ಏಕೆ ವಸೂಲು ಮಾಡಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ಬುದ್ಧಿವಂತನಾಗಿದ್ದರೆ ನೇರ ಮನೆಗೆ ಹೋಗಿ ಅವಳ ಕಾಲಿಗೆ ಬೀಳುತ್ತಿದ್ದೆ. ಆದರೆ ಬಿದ್ದರೆ ಕ್ಷೌರದಂಗಡಿಯ ವಿಷಯ ಹೇಳಬೇಕಾಗುತ್ತಿತ್ತು. ಅದೂ ಅಲ್ಲದೆ, ಏಳನೇ ಕ್ಲಾಸಿನಲ್ಲಿ ನನ್ನ ಪ್ರಬಂಧಕ್ಕೆ ಬಹುಮಾನ ಬಂದಿತ್ತು. ಲಿಖಿತ ಸಮಜಾಯಿಷಿ ಎಂದರೆ ನನ್ನ ಎಡಗೈ ಕೆಲಸ ಎಂದುಕೊಂಡೆ. ಆ ಸಂಜೆಯೇ ಬಾಗಿಲು ಮುಚ್ಚಿಕೊಂಡು ಬರೆದೆ.

"ಮಾನ್ಯರೇ, ನನ್ನ ಪತ್ನಿ ತನ್ನ ಕಾಲ ಮೇಲೆ ತಾನು ನಿಂತಿರುವುದು ಸತ್ಯ. ಆದರೆ ಅದಕ್ಕೂ ಕಾಲಿಗೂ ಸಂಬಂಧವಿಲ್ಲ. ಬೀಳುತ್ತಿದ್ದ ಮನೆಯನ್ನು ಆಕೆ ಎತ್ತಿ ನಿಲ್ಲಿಸಿದ್ದಾಳೆ. ಸಂಸಾರದ ಭಾರವನ್ನೆಲ್ಲ ಒಬ್ಬಳೇ ಹೊತ್ತಿದ್ದಾಳೆ. ನಾನೋ, ಆಕೆಯ ತಾಳಕ್ಕೆ ಕುಣಿಯುವವನು. ಈಚೆಗಂತೂ ನನ್ನ ತಲೆಯ ಮೇಲೇ ಹತ್ತಿ ಕುಳಿತಿದ್ದಾಳೆ. ಇದೆಲ್ಲ ತಮ್ಮ ಮಾಸಾಶನದ ಕೃಪೆ. ಮಾಸಾಶನ ನಡೆದರೆ ಆಕೆ ನಿಲ್ಲುತ್ತಾಳೆ, ಮಾಸಾಶನ ನಿಂತರೆ ಆಕೆ ಬೀಳುತ್ತಾಳೆ."

ಕೊನೆಯ ವಾಕ್ಯವನ್ನು ಮೂರು ಸಲ ಓದಿಕೊಂಡೆ. ಇಂಥದ್ದನ್ನು ಓದಿ ಕಣ್ಣೀರು ಹಾಕದ ಅಧಿಕಾರಿ ಹುಟ್ಟಿಲ್ಲ ಅನ್ನಿಸಿತು.

ಹುಟ್ಟಿದ್ದರು. ಮರುವಾರ ಕಚೇರಿಗೆ ಕರೆಸಿದರು. ಅಧಿಕಾರಿ ನಡುವಯಸ್ಸಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಪಕ್ಕದಲ್ಲಿ ಗುಮಾಸ್ತರು. ನೊರೆಯಿಲ್ಲದ ಆ ಮುಖದಲ್ಲಿ ಭಾನುವಾರದ ಕಣ್ಣುಗಳನ್ನು ಗುರುತಿಸಿದೆ. ಅಧಿಕಾರಿ ನನ್ನ ಪತ್ರದ ಒಂದೊಂದು ಸಾಲಿನ ಕೆಳಗೂ ಕೆಂಪು ಗೆರೆ ಎಳೆದಿದ್ದರು.

"ಮನೆ ಎತ್ತುತ್ತಾರೆ. ಭಾರ ಹೊರ್ತಾರೆ. ನಿಮ್ಮ ತಲೆ ಮೇಲೆ ಹತ್ತುತ್ತಾರೆ. ಏನ್ರೀ ಇದು? ಇಷ್ಟೆಲ್ಲ ನನ್ನ ಕೈಲೇ ಆಗಲ್ಲ."

"ಮೇಡಂ, ಅದು ಮಾತಿಗೆ ಹೇಳಿದ್ದು."

"ಮಾತಿಗೆ ಹೇಳಿದ್ದಾ, ಸಹಿ ಹಾಕಿ ಬರೆದಿದ್ದಾ?"

"ತಾಳ ಹಾಕ್ತಾರೆ ಅಂತಾನೂ ಇದೆ ಮೇಡಂ," ಎಂದು ಗುಮಾಸ್ತರು ನೆನಪಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಾಳ ಕೈಲಿ ಹಾಕ್ತಾರಾ, ಕಾಲಲ್ಲಿ ಹಾಕ್ತಾರಾ?"

"ನಾಲಿಗೇಲಿ," ಎಂದೆ ನಿಜವನ್ನೇ. ಗುಮಾಸ್ತರು ಅದನ್ನೂ ಬರೆದುಕೊಂಡರು. ಕಚೇರಿಗಳಲ್ಲಿ ಅಲಂಕಾರಕ್ಕೆ ಕಾಲಂ ಇರುವುದಿಲ್ಲ. ಉಪಮೆಯಾಗಲಿ ರೂಪಕವಾಗಲಿ ಒಳಗೆ ಬಂದರೆ ಬರೀ ಮಾಹಿತಿ.

"ಸೋಮವಾರ ಹನ್ನೊಂದಕ್ಕೆ ಮನೆಗೇ ಬಂದು ನೋಡ್ತೀವಿ," ಎಂದರು ಅಧಿಕಾರಿ.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಮನೆಗೆ ಬಂದು ಕ್ಷೌರದಂಗಡಿಯಿಂದ ಕೆಂಪು ಗೆರೆಯವರೆಗೆ ಎಲ್ಲ ಒದರಿದೆ. ನಾನು ಇಟ್ಟುಕೊಂಡಿದ್ದ ಪತ್ರದ ನಕಲನ್ನು ನನ್ನ ಹೆಂಡತಿ ಓದಿದಳು. ಬೈಯಲಿಲ್ಲ. ಅವಳು ಬೈಯದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ.

"ಈ ಮನೆ ಹೋದ್ರೆ ಮೆಟ್ಟಿಲಿರೋ ಮನೇನೇ ಗತಿ," ಎಂದಳು ಸಣ್ಣ ದನಿಯಲ್ಲಿ. "ಅಲ್ಲಿ ನಾನು ಕೂತಲ್ಲೇ ಕೂತಿರ್ತೀನಿ ರೀ. ತರಕಾರಿಗೂ ನೀವೇ ಹೋಗಬೇಕು. ಬಾಡಿಗೆ ಓನರಿಗೆ ಕೊಟ್ಟು 'ಎಣಿಸಿಕೊಳ್ಳಿ' ಅಂತಿದ್ದೆನಲ್ಲ, ಅದೂ ಇರಲ್ಲ."

ನನಗೆ ಅಳು ಬಂತು. ಅತ್ತೆ. ಅವಳು ಸೆರಗು ಕೊಟ್ಟಳು. ಮೂಗು ಒರೆಸಿಕೊಂಡಾಗ ಸೆರಗಿನ ತುಂಬ ಹತ್ತಿ.

"ಸರಿ, ಅತ್ತಿದ್ದು ಸಾಕು. ಸೋಮವಾರ ನಿಮ್ಮ ಬಾಯಿಂದ 'ಹೌದು', 'ಇಲ್ಲ' ಎರಡೇ ಮಾತು ಬರಬೇಕು. ಮೂರನೇದು ಬಂತೋ, ಸೂಜಿ ದಾರ ನಿಮ್ಮ ಅಂಗಡೀಲೇ ಇದೆ, ನಾನೇ ಹೊಲೀತೀನಿ."

ಸೋಮವಾರ ಹನ್ನೊಂದಕ್ಕೆ ಅಧಿಕಾರಿ, ಗುಮಾಸ್ತರು, ಫೈಲು, ಮೂವರೂ ಬಂದರು. ಚಿಕ್ಕಮ್ಮ ಹಾಜರಿದ್ದರು. ಕ್ಷೌರಿಕ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಓನರು "ಸಾಕ್ಷಿ ಬೇಕಾಗಬಹುದು" ಎಂದು ಕರೆಯದೇ ಬಂದು ನಮ್ಮ ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತಿದ್ದರು. ನನ್ನ ಹೆಂಡತಿ ಚಿಕ್ಕಮ್ಮನ ಹೊಸ ಚಪ್ಪಲಿ ಹಾಕಿಕೊಂಡು ಗಾಲಿಕುರ್ಚಿಯಲ್ಲಿ ಮದುಮಗಳ ಹಾಗೆ ಕೂತಿದ್ದಳು.

ಅಧಿಕಾರಿ ಡಾಕ್ಟರ ಸರ್ಟಿಫಿಕೇಟು ನೋಡಿದರು, ಅವಳ ಕಾಲು ನೋಡಿದರು, ಕುರ್ಚಿಯ ಸವೆದ ಗಾಲಿ ನೋಡಿದರು.

"ಕಾಲಿನ ವಿಷಯದಲ್ಲಿ ನನಗೆ ಅನುಮಾನ ಇಲ್ಲ," ಎಂದರು. ನಾನು ಉಸಿರು ಬಿಟ್ಟೆ. "ಆದ್ರೆ ಈ ಪತ್ರ ಫೈಲಲ್ಲಿ ಕೂತಿದೆಯಲ್ಲ. ಇದರ ಗತಿ ಏನು? ಏನ್ರೀ, ನಿಮ್ಮ ಹೆಂಡತಿ ನಿಂತಿದ್ದು ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ."

"ಹಾಗಾದ್ರೆ ಸರ್ಕಾರಕ್ಕೆ ಸುಳ್ಳು ಬರೆದಿದ್ದೀರಾ?"

ಹೌದು ಎಂದರೆ ಸುಳ್ಳು ಬರೆದದ್ದಕ್ಕೆ ಕೇಸು. ಇಲ್ಲ ಎಂದರೆ ಅವಳು ನಿಂತಂತಾಯಿತು, ಮಾಸಾಶನ ನಿಂತಂತಾಯಿತು. ನನ್ನ ಬಳಿ ಇದ್ದ ಬಂಡವಾಳ ಎರಡೇ ಮಾತು.

"ಹೌದು... ಇಲ್ಲ," ಎಂದು ಎರಡನ್ನೂ ಒಟ್ಟಿಗೆ ಖರ್ಚು ಮಾಡಿ ದಿವಾಳಿಯಾದೆ.

"ಸುಳ್ಳು ಅಂತ ಒಪ್ಪಿಕೊಂಡುಬಿಡಿ ಸ್ವಾಮಿ," ಎಂದು ಗುಮಾಸ್ತರು ಪಿಸುಗುಟ್ಟಿದರು. ಅವರಿಗೂ ಪಾಪ ಅನ್ನಿಸಿರಬೇಕು. "ದಂಡ ಹಾಕಿ ಬಿಡ್ತಾರೆ. ಮಾಸಾಶನ ಉಳಿಯುತ್ತೆ."

ನಾನು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಾಲಿಕುರ್ಚಿ ಕಿರ್ರೆಂದು ಮುಂದೆ ಬಂತು.

"ಸುಳ್ಳಲ್ಲ ಮೇಡಂ," ಎಂದಳು ನನ್ನ ಹೆಂಡತಿ. "ನಾನು ನನ್ನ ಕಾಲ ಮೇಲೆ ನಿಂತಿದ್ದೀನಿ. ಬರ್ಕೊಳ್ಳಿ."

ಚಿಕ್ಕಮ್ಮ "ಅಯ್ಯೋ, ಇವಳಿಗೂ ಹುಚ್ಚು ಹಿಡೀತು!" ಎಂದು ಹಣೆ ಬಡಿದುಕೊಂಡರು. ಖಜಾಂಚಿ ಅತ್ತ ನೋಡದೆ ಓನರ ಕಡೆ ತಿರುಗಿದಳು.

"ಯಜಮಾನರೇ, ಬಾಡಿಗೆ ಯಾರ ಕೈಯಿಂದ ತಗೋತೀರಿ?"

"ನಿನ್ನ ಕೈಯಿಂದಾನೇ ಕಣಮ್ಮ."

"ಒಂದು ದಿನ ತಡ ಆಗಿದ್ದುಂಟಾ?"

"ಎರಡು ವರ್ಷದಲ್ಲಿ ಒಂದು ಗಂಟೆನೂ ಇಲ್ಲ."

"ಅದಕ್ಕೆ ಮುಂಚೆ ಇವರು ಕೊಡ್ತಿದ್ದಾಗ?"

"ಅಯ್ಯೋ, ಆ ಕಥೆ ಬಿಡಮ್ಮ," ಎಂದು ಓನರು ಸಾಕ್ಷಿ ಹೇಳಲು ಬಂದದ್ದನ್ನೇ ಮರೆತು ಉಕ್ಕಿಬಂದರು. "ಮೇಡಂ, ಈ ಮನುಷ್ಯನನ್ನ ಹಿಡಿಯೋಕೆ ನಾನು ಇವರ ಅಂಗಡಿಗೆ ಹೋದ್ರೆ, ಹತ್ತಿ ರಾಶಿ ಒಳಗೆ ಹೊಕ್ಕು ಕೂತಿರ್ತಿದ್ರು! ಒಂದು ಸಲ ರಾಶಿ ಸೀನ್ತು. ಆಗ ಗೊತ್ತಾಯ್ತು!"

ಇದು ಈ ಪ್ರಕರಣಕ್ಕೆ ಸಂಬಂಧಪಟ್ಟ ವಿಷಯವಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಆದರೆ ನನ್ನ ಮಾತಿನ ಖಾತೆ ಬರಿದಾಗಿತ್ತು. ಕ್ಷೌರಿಕ ಗೋಡೆ ಹಿಡಿದುಕೊಂಡು ನಗುತ್ತಿದ್ದ.

"ನೋಡಿ ಮೇಡಂ," ಎಂದಳು ನನ್ನ ಹೆಂಡತಿ. "ನಾಲ್ಕು ವರ್ಷ ಒಂದು ಸೋಪಿಗೂ ಇವರನ್ನ ಕೇಳ್ತಿದ್ದೆ. ಇವರು ಇಲ್ಲ ಅಂದೋರಲ್ಲ. ಆದ್ರೆ ಕೇಳಬೇಕಿತ್ತಲ್ಲ! ಈಗ ನನ್ನ ಮನೆ ಬಾಡಿಗೆ ನಾನು ಕೊಡ್ತೀನಿ. ಕ್ಷೌರಕ್ಕೆ ದುಡ್ಡು ಕೊಡೇ ಅಂತ ಇವರು ನನ್ನ ಕೇಳ್ತಾರೆ. ಇದಕ್ಕೆ ಕಾಲ ಮೇಲೆ ನಿಲ್ಲೋದು ಅನ್ನದೆ ಇನ್ನೇನಂತಾರೆ? ನನ್ನ ಗಂಡ ಕ್ಷೌರದಂಗಡೀಲಿ ಕೂತು ಅದನ್ನೇ ಹೇಳಿದ್ದು. ಮಾಸಾಶನ ಉಳಿಸಿಕೊಳ್ಳೋಕೆ ಅವರನ್ನ ಸುಳ್ಳುಗಾರ ಅನ್ನಲಾ? ದಡ್ಡ ಅನ್ನಿ, ಸಹಿ ಹಾಕ್ತೀನಿ. ಸುಳ್ಳುಗಾರ ಅಲ್ಲ."

ನಾನು ಹಾಸಿಗೆ ಹೊಲಿಯುವ ಬಡಪಾಯಿ. ಆ ಹೊತ್ತಿನಲ್ಲಿ ಮಾತ್ರ ನನ್ನಷ್ಟು ದೊಡ್ಡ ಮನುಷ್ಯ ಆ ಬೀದಿಯಲ್ಲಿರಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದು ಕನ್ನಡಕವನ್ನೋ ಕಣ್ಣನ್ನೋ ನನಗೆ ಸರಿಯಾಗಿ ಕಾಣಲಿಲ್ಲ.

"ಈ ಕೆಲಸಕ್ಕೆ ಸೇರಿದ ದಿನ ನಮ್ಮಮ್ಮನೂ ಊರಿಗೆಲ್ಲ ಇದೇ ಮಾತು ಹೇಳ್ಕೊಂಡು ಬಂದಿದ್ರು," ಎಂದರು. ಆಮೇಲೆ ಬಿಗಿಯಾಗಿ, "ಬರ್ಕೊಳ್ಳಿ," ಎಂದರು.

ಗುಮಾಸ್ತರು ಪೆನ್ನು ತೆಗೆದು ಕಂಗಾಲಾದರು. "ಏನಂತ ಮೇಡಂ? ನಿಂತಿದಾರೆ ಅಂತಾನಾ, ನಿಂತಿಲ್ಲ ಅಂತಾನಾ?"

"ಕಾಲು ನಿಲ್ಲೋದಿಲ್ಲ. ಅವರು ನಿಂತಿದಾರೆ."

"ಅದಕ್ಕೆ ಕಾಲಂ ಇಲ್ಲ ಮೇಡಂ."

"ಅಂಚಲ್ಲಿ ಬರೀರಿ."

ಓನರು ಎದ್ದು ನಿಂತು, ಔಷಧಿ ಅಂಗಡಿಯವರು ಒಂದನೇ ತಾರೀಖಿಗೆ ಸರಿಯಾಗಿ ಕೊಡುತ್ತಾರೆಂದು ಏನು ಗ್ಯಾರಂಟಿ ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡು ಮೆಟ್ಟಿಲು ಹತ್ತಿದರು. ಗುಮಾಸ್ತರು ಹೋಗುವಾಗ ನನ್ನ ಕೈ ಹಿಡಿದು, ಒಂದು ಹಾಸಿಗೆ ಹಿಂಜಿಸಬೇಕಿತ್ತು, ಎಷ್ಟಾಗುತ್ತದೆ ಎಂದು ವಿಚಾರಿಸಿದರು. ನಾನು ಖಜಾಂಚಿಯನ್ನು ಕೇಳಿ ಹೇಳುತ್ತೇನೆ ಎಂದೆ.

ಎರಡು ವಾರದಲ್ಲಿ ಆದೇಶ ಬಂತು. ಈ ಸಲ ಲಕೋಟೆಯನ್ನು ಒಡೆಯದೆ ಮನೆಗೆ ತಂದೆ. ಅವಳು ಒಡೆದು ಗಟ್ಟಿಯಾಗಿ ಓದಿದಳು. ಒಂದು, ಮಾಸಾಶನ ಎಂದಿನಂತೆ ಮುಂದುವರಿಯತಕ್ಕದ್ದು. ಎರಡು, ವಸೂಲಾತಿಯ ಪ್ರಸ್ತಾಪ ಕೈಬಿಡಲಾಗಿದೆ. ಇಷ್ಟಾದ ಮೇಲೆ ಅವಳು ತಟ್ಟನೆ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು, ಕುರ್ಚಿಯೇ ಅಲ್ಲಾಡುವ ಹಾಗೆ ನಗತೊಡಗಿದಳು. ನಾನು ಕಾಗದ ಇಸಿದುಕೊಂಡು ನೋಡಿದೆ.

"ಮೂರು: ಫಲಾನುಭವಿಯ ಗಂಡನ ಮಾತನ್ನು ಇನ್ನು ಮುಂದೆ ಈ ಕಚೇರಿಯು ಮಾಹಿತಿಯೆಂದು ಪರಿಗಣಿಸತಕ್ಕದ್ದಲ್ಲ."

"ರೀ, ಇದಕ್ಕೆ ಗಾಜು ಹಾಕಿಸ್ಕೊಂಡು ಬನ್ನಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಒಳ್ಳೇ ಮರದ ಫ್ರೇಮೇ ಇರಲಿ."

ಕೇಳದೆಯೇ ಅವಳಾಗಿ ಪರ್ಸು ತೆಗೆದು ನನ್ನ ಕೈಗೆ ದುಡ್ಡು ಕೊಟ್ಟಳು. ಫ್ರೇಮಿನವನಿಗೆ ಕೊಟ್ಟು ಸ್ವಲ್ಪ ಉಳಿಯಿತು. ಅದರ ಲೆಕ್ಕವನ್ನು ಅವಳು ಇವತ್ತಿನವರೆಗೂ ಕೇಳಿಲ್ಲ.